ಹಳದಿ ಬೆಡ್‌ಶೀಟು ಒಣಗುವ ಹೊತ್ತು

ಮಾರ್ಚ್ 4

ಮಾವ ಮಲಗಿದ್ದಾನೆ. ಬೆಳಗಿನ ಮೊದಲ ಬಸ್ಸು ಓಡಿಸುವವನು ಅವನೇ, ಅದಕ್ಕೇ ಅಡುಗೆಮನೆಯ ಬಾಗಿಲು ಹಾಕಿಕೊಂಡು ದಿನಚರಿಯನ್ನು ಫೋನಿನ ರೆಕಾರ್ಡರಿಗೆ ಪಿಸುಗುಡುತ್ತಿದ್ದೇನೆ. ಬರೆಯಲು ಕೂತರೆ ಬೆಳಗಾಗುತ್ತದೆ.

ಇವತ್ತು ಕೆಲಸ ಬಿಟ್ಟೆ.

ಆರ್ಕಿಟೆಕ್ಟ್ ಅಂತ ಈ ದೇಶಕ್ಕೆ ಬಂದಾಗಿನಿಂದ ನಾನು ಬಿಡಿಸಿದ್ದೆಲ್ಲ ಟಾಯ್ಲೆಟ್ಟು, ಮೆಟ್ಟಿಲು, ಇವೆರಡರ ನಡುವಿನ ಗೋಡೆ. ಆಫೀಸಿನಲ್ಲಿ ನನಗೆ ‘ಫ್ಲಶ್’ ಅಂತ ಅಡ್ಡಹೆಸರು. ಯಾವ ಬಾಗಿಲು ಯಾವ ಕಡೆ ತೆರೆದರೆ ಒಳಗಿರುವವರ ಮಾನ ಉಳಿಯುತ್ತದೆ ಅಂತ ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಈ ಸಲ ಮೆಟ್ಟಿಲು ತಿರುಗುವ ಜಾಗದಲ್ಲಿ ಒಂದು ಕಿಟಕಿ ಇಟ್ಟಿದ್ದೆ. ನಮ್ಮ ಯಜಮಾನರು ಅದನ್ನು ಹೊಡೆದುಹಾಕಿದರು. ಮತ್ತೆ ಇಟ್ಟೆ, ಮತ್ತೆ ಹೊಡೆದರು. ಮೂರನೇ ಸಲ ಕಿಟಕಿಯ ಕಟ್ಟೆಯ ಮೇಲೆ ಒಂದು ಹೂಕುಂಡವನ್ನೂ ಬಿಡಿಸಿಟ್ಟೆ.

ಯಜಮಾನರ ಜೇಬಿನಲ್ಲಿ ಯಾವಾಗಲೂ ಮೂರು ಮೂಲೆಯ ಒಂದು ಪುಟ್ಟ ಸ್ಕೇಲು ಇರುತ್ತದೆ. ಹಾಗಾಗಿ ಬೆನ್ನ ಹಿಂದೆ ಎಲ್ಲರೂ ಅವರನ್ನು ಸ್ಕೇಲ್ ಸಾರ್ ಅಂತಲೇ ಕರೆಯುವುದು. ಇವತ್ತು ಅದೇ ಸ್ಕೇಲಿನ ತುದಿಯಿಂದ ಹೂಕುಂಡವನ್ನು ಕುಟ್ಟಿ, ಎಲ್ಲರೆದುರು ಅಂದರು: “ಹೂವು ಬಿಡಿಸೋ ಆಸೆ ಇದ್ರೆ ಮನೇಲಿ ಬಿಡಿಸಿ.”

“ಸರಿ ಸಾರ್, ಮನೆಗೇ ಹೋಗ್ತೀನಿ,” ಅಂದೆ. ಬ್ಯಾಗು ತೆಗೆದುಕೊಂಡೆ, ಬಂದೆ.

ಇಷ್ಟೇ ನಡೆದದ್ದು. ಬಸ್‌ಸ್ಟಾಪಿಗೆ ಬರುವವರೆಗೂ ನಡೆದದ್ದು ಏನು ಅಂತ ನನಗೇ ಹೊಳೆದಿರಲಿಲ್ಲ.

ಮಾರ್ಚ್ 5

ಮಾವನಿಗೆ ಹೇಳಿದೆ. ತಿನ್ನುತ್ತಿದ್ದ ತುತ್ತು ಕೈಯಲ್ಲೇ ಉಳಿಯಿತು. ಬೈಯಲಿಲ್ಲ, ಅದು ಇನ್ನೂ ಕೆಟ್ಟದ್ದು. ಆಫೀಸಿನ ಪತ್ರ ಇಲ್ಲದೆ ನಾನು ಇಲ್ಲಿ ಇರುವ ಹಾಗಿಲ್ಲ. ಬೇಸಿಗೆ ಮುಗಿಯುವುದರೊಳಗೆ ಬೇರೆ ಆಧಾರ ತೋರಿಸದಿದ್ದರೆ ಪೆಟ್ಟಿಗೆ ಕಟ್ಟಬೇಕು. ನನ್ನನ್ನು ಕರೆಸಿಕೊಳ್ಳುವಾಗ ಇವಳ ಜವಾಬ್ದಾರಿ ನನ್ನದು ಅಂತ ಸಹಿ ಹಾಕಿದವನು ಮಾವ. ಅಮ್ಮನ ತಮ್ಮ. ಇಲ್ಲಿಗೆ ಬಂದು ಕೂದಲು ನೆರೆಸಿಕೊಂಡವನು.

ಬೇರೆ ಆಧಾರ ಒಂದು ಇದೆ. ಈ ಊರಿನ ಕಲಾಮಂದಿರದಲ್ಲಿ ವರ್ಷಕ್ಕೊಮ್ಮೆ ದೊಡ್ಡ ಪ್ರದರ್ಶನ ನಡೆಯುತ್ತದೆ. ಅದಕ್ಕೆ ಆಯ್ಕೆಯಾದ ಹೊರಗಿನವರು ಕಲಾವಿದರ ಲೆಕ್ಕದಲ್ಲಿ ಉಳಿಯಬಹುದು. ಭಾನುವಾರಗಳಲ್ಲಿ ಎಣ್ಣೆಬಣ್ಣ ಹಚ್ಚುತ್ತಾ ಕೂತಿರುತ್ತಿದ್ದೆನಲ್ಲ, ಆಗೆಲ್ಲ ಮಾವ ಅದನ್ನು ನೆಗಡಿಯ ಹಾಗೆ ನೋಡುತ್ತಿದ್ದ. ತಾನಾಗೇ ಬರುತ್ತದೆ, ತಾನಾಗೇ ಹೋಗುತ್ತದೆ.

“ಆಯ್ಕೆ ಆಗದಿದ್ರೆ?” ಅಂದ.

“ಆಗ್ತೀನಿ.”

“ಅದಲ್ಲಮ್ಮಾ ನಾನು ಕೇಳಿದ್ದು,” ಅಂದವನು ತಟ್ಟೆ ತೊಳೆಯಲು ಎದ್ದ.

ಮಾರ್ಚ್ 9

ಅಮ್ಮನಿಗೂ ನಾನೇ ಫೋನು ಮಾಡಿ ಹೇಳಿದೆ. ಮಾವನ ಬಾಯಿಂದ ಬಂದರೆ ಅದಕ್ಕೆ ಕಣ್ಣೀರಿನ ಒಗ್ಗರಣೆ ಬೀಳುತ್ತದೆ. ಅಮ್ಮ ಅರ್ಧ ಗಂಟೆ ಮಾತಾಡಿದಳು, ನನಗೆ ನೆನಪಿರುವುದು ಒಂದೇ. “ಕಟ್ಟಡ ಆದ್ರೆ ನಿಲ್ಲುತ್ತೆ ಕಣೇ. ಹೂವು ಸಂಜೆಗೇ ಬಾಡುತ್ತೆ.”

ಅದಕ್ಕೇ ಎಣ್ಣೆಬಣ್ಣ ಅಮ್ಮಾ, ಅಂದೆ. ಫೋನು ಇಟ್ಟಳು.

ಮಾರ್ಚ್ 13

ಕೆಳಗಿನ ಬೀದಿಯಲ್ಲಿ ಹೂವಿನಂಗಡಿ ಇದೆ. ಅಂಗಡಿಯಾಕೆಗೆ ಒಂದು ಬಿಳಿ ಸೇವಂತಿಗೆ ಕೊಡಿ ಅಂದೆ. ಒಂದೇ ಹೂವನ್ನು ಕೊಳ್ಳುವವರು ಒಂದೋ ಪ್ರೇಮಿಗಳು, ಇಲ್ಲಾ ಜಿಪುಣರು, ನೀವು ಯಾವ ಪೈಕಿ ಅಂತ ಕೇಳಿದಳು. ಮೂರನೇ ಪೈಕಿ ಅಂದೆ.

ಎಣ್ಣೆಬಣ್ಣ ನಾನು ಓದಿದ್ದಕ್ಕೆಲ್ಲ ಉಲ್ಟಾ. ಕಟ್ಟಡದಲ್ಲಿ ಭಾರ ಕೆಳಗೆ, ಹಗುರ ಮೇಲೆ. ಇಲ್ಲಿ ಅಡಿಪಾಯವೇ ತೆಳು, ನೀರಿನಂತೆ. ಮೇಲಕ್ಕೆ ಹೋದ ಹಾಗೆ ಎಣ್ಣೆ ಹೆಚ್ಚು, ಬಣ್ಣ ದಪ್ಪ. ಹಾಗೆ ಮಾಡದಿದ್ದರೆ ಬಿರುಕು ಬಿಡುತ್ತದಂತೆ. ಇದನ್ನು ಒಪ್ಪಿಕೊಳ್ಳಲು ನನಗೆ ಎರಡು ಕ್ಯಾನ್ವಾಸು ಹಾಳಾಗಬೇಕಾಯಿತು.

ಈಗ ಹಿಡಿತ ಸಿಕ್ಕಿದೆ. ಸೇವಂತಿಗೆಯ ನಡುವಿಗೆ ಕೈವಾರ ಇಟ್ಟು ಸುತ್ತು ಎಳೆದೆ, ಸಮನಾಗಿ ಭಾಗ ಮಾಡಿದೆ, ಒಂದೊಂದು ಎಸಳಿಗೂ ಒಂದೊಂದು ಜಾಗ. ಸ್ಕೇಲ್ ಸಾರ್ ನೋಡಬೇಕು. ಹೂವು ಮನೆಯಲ್ಲಿ ಬಿಡಿಸಬೇಕಂತೆ. ಬಿಡಿಸುತ್ತಿದ್ದೇನೆ ಸಾರ್, ಮನೆಯಲ್ಲೇ, ನಿಮ್ಮ ಯಾವ ಗೋಡೆಯೂ ಇಷ್ಟು ನೇರ ನಿಂತಿಲ್ಲ.

ಮಾರ್ಚ್ 24

ಮಾವ ಸೀನುತ್ತಾನೆ. ಬಣ್ಣ ತೆಳುಮಾಡುವ ಟರ್ಪೆಂಟೈನ್ ಅವನಿಗೆ ಆಗಿಬರುವುದಿಲ್ಲ. ಹೂವು ನೋಡಿ ಸೀನುವವರನ್ನು ಕಂಡಿದ್ದೇನೆ, ಹೂವಿನ ಚಿತ್ರ ನೋಡಿ ಸೀನುವವನು ನಾನೊಬ್ಬನೇ ಇರಬೇಕು ಅಂತಾನೆ. ಅಡುಗೆಮನೆಯ ಮೇಜು ನನ್ನದಾಗಿದೆ, ಅವನು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಾನೆ.

ಚಿತ್ರ ಹೆಚ್ಚುಕಡಿಮೆ ಮುಗಿದಿದೆ. ನೆರಳು ಅಂತೂ ಕತ್ತರಿಸಿಟ್ಟ ಹಾಗೆ ಬಿದ್ದಿದೆ. ದಿನಾ ಎದ್ದು ಮೊದಲು ಅದನ್ನೇ ನೋಡುತ್ತೇನೆ, ಸಾರ್ ಮುಖ ಹೇಗಾಗುತ್ತದೆ ಅಂತ ಊಹಿಸಿಕೊಳ್ಳುತ್ತೇನೆ. ತಿಂಡಿಗಿಂತ ಮೊದಲು ಹೊಟ್ಟೆ ತುಂಬುತ್ತದೆ.

ಏಪ್ರಿಲ್ 6

ಇದನ್ನು ಹೇಳಿಬಿಡಬೇಕು, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ.

ಒಣಗಿದ ಚಿತ್ರವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕಲಾಮಂದಿರಕ್ಕೆ ಕೊಡಲು ಹೊರಟೆ. ಕೊನೆಯ ದಿನ ಇಪ್ಪತ್ತನೇ ತಾರೀಕು, ನಾನು ಮೊದಲೇ ಕೊಡುವವಳು. ದಾರಿಯಲ್ಲೇ ಆಫೀಸು. ಕೆಲಸದ ಅನುಭವದ ಸರ್ಟಿಫಿಕೇಟು ತೆಗೆದುಕೊಳ್ಳುವುದಿತ್ತು. ಸುಳ್ಳು ಯಾಕೆ ಹೇಳಲಿ, ಅದು ನೆಪ. ತೋರಿಸಬೇಕಾಗಿತ್ತು.

ಸಾರ್ ಬಟ್ಟೆಯನ್ನು ತಾವೇ ಬಿಚ್ಚಿದರು. ಬಹಳ ಹೊತ್ತು ನೋಡಿದರು. ಆಮೇಲೆ ಜೇಬಿನಿಂದ ಸ್ಕೇಲು ತೆಗೆದು ನನ್ನ ಹೂವಿನ ನೆರಳಿನ ಮೇಲೆ ಓರೆಯಾಗಿ ಇಟ್ಟರು. ಸರಿಯಾಗಿ ಕೂತಿತು.

“ನಿಮ್ಮನೆ ಕಿಟಕಿ ಯಾವ ಕಡೆ?”

“ಬಲಗಡೆ ಸಾರ್.”

“ಸೂರ್ಯ ಎಡಗಡೆ ಮೇಲಿಂದ ಬಂದಿದ್ದಾನಲ್ಲ. ನಲವತ್ತೈದು ಡಿಗ್ರಿಗೆ.”

ಕಟ್ಟಡದ ನಕ್ಷೆಯಲ್ಲಿ ನೆರಳು ಹಾಕುವುದು ಹಾಗೆ. ಕಟ್ಟಡ ಎಲ್ಲಿಯದೇ ಇರಲಿ, ಸೂರ್ಯ ಮಾತ್ರ ಎಡಗಡೆ ಮೇಲಿನ ಮೂಲೆಯಲ್ಲೇ ಇರಬೇಕು, ನೆರಳು ನಲವತ್ತೈದು ಡಿಗ್ರಿಗೇ ಬೀಳಬೇಕು. ಕಾಲೇಜಿನ ಮೊದಲ ವರ್ಷದಲ್ಲೇ ಕೈಗೆ ಕೂರಿಸಿಬಿಡುತ್ತಾರೆ. ಹೂವು ನನ್ನ ಎದುರಿಗಿತ್ತು, ಕಿಟಕಿ ಬಲಗಡೆ ಇತ್ತು. ಇಷ್ಟು ದಿನ ನಾನು ನೋಡಿದ್ದಾದರೂ ಏನನ್ನು?

“ಇದು ಹೂವಿನ ಎಲಿವೇಶನ್,” ಅಂದರು ಸಾರ್; ಕಟ್ಟಡದ ಮುಂಭಾಗದ ನಕ್ಷೆಗೆ ನಾವು ಹೇಳುವ ಹೆಸರು ಅದು. ದನಿಯಲ್ಲಿ ಕುಹಕ ಇರಲಿಲ್ಲ, ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. “ನೀವು ಕೆಲಸ ಬಿಟ್ರಿ, ಆಫೀಸು ಬಿಟ್ಟಿಲ್ಲ. ನಿಮ್ಮ ಸೀಟು ಹಾಗೇ ಇದೆ. ಹದಿನೈದನೇ ತಾರೀಕು ನಾನೇ ಫೋನ್ ಮಾಡ್ತೀನಿ. ಹೂಂ ಅಂದ್ರೆ ಪತ್ರ ಕೊಡೋಣ.”

ಹೊರಗೆ ಬಂದು ಕಲಾಮಂದಿರದ ಮೆಟ್ಟಿಲವರೆಗೂ ಹೋದೆ. ಕೊಡಬಹುದಿತ್ತು. ಅಲ್ಲಿ ಯಾರು ಸ್ಕೇಲು ಇಡುತ್ತಾರೆ? ಕೊಡಲಿಲ್ಲ. ಸಾರ್ ಹೇಳಿದರು ಅಂತಲ್ಲ. ಸಾರ್ ಹೇಳಿದ್ದು ಸರಿ ಅಂತ, ಅದಕ್ಕೆ ಮೈಯೆಲ್ಲ ಉರಿಯುತ್ತಿದೆ.

ಏಪ್ರಿಲ್ 7

ಇವತ್ತು ಏನೂ ಇಲ್ಲ. ಸೇವಂತಿಗೆಯ ಮುಖವನ್ನು ಗೋಡೆಗೆ ತಿರುಗಿಸಿಟ್ಟೆ.

ಏಪ್ರಿಲ್ 9

ಅಂಗಡಿಯಾಕೆ ಲಿಲ್ಲಿ ಕೊಟ್ಟಳು, ಬಿಳಿಯದು. ಲಿಲ್ಲಿಯ ನಡುವಿನ ಕಂದುಪುಡಿ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ ಅಂತ ಕತ್ತರಿ ಹಿಡಿದು ಕೀಳಹೊರಟಳು. ಬೇಡ, ಇರಲಿ ಅಂದೆ. ಬಟ್ಟೆ ಹಾಳಾದರೆ ನನ್ನನ್ನು ಕೇಳಬೇಡಿ ಅಂದಳು. ನನ್ನ ಬಟ್ಟೆಯಲ್ಲಿ ಹಾಳಾಗಲು ಜಾಗ ಉಳಿದಿಲ್ಲ.

ಬೆಳಗಿಂದ ಕುಂಚ ಮುಟ್ಟಲಿಲ್ಲ. ಸುಮ್ಮನೆ ನೋಡಿದೆ. ನಮ್ಮ ಅಡುಗೆಮನೆಯ ಕಿಟಕಿಯಾಚೆ ಬೀದಿಯೂ ಇಲ್ಲ, ಆಕಾಶವೂ ಇಲ್ಲ, ಇರುವುದು ಡಕ್ಟು. ಗಾಳಿ ಬೆಳಕಿಗೆ ಅಂತ ಕಟ್ಟಡದ ಹೊಟ್ಟೆಯಲ್ಲಿ ಬಿಡುವ ತೂತು, ಆಚೆ ಎದುರುಮನೆಯ ಬಾಲ್ಕನಿ. ಇಂಥ ಡಕ್ಟುಗಳನ್ನು ನಾನೇ ಎಷ್ಟೋ ಬಿಡಿಸಿದ್ದೇನೆ, ನಿಯಮಕ್ಕೆ ಬೇಕಾದಷ್ಟು, ಅದಕ್ಕಿಂತ ಒಂದು ಅಂಗುಲ ಜಾಸ್ತಿ ಇಲ್ಲ. ಅದರಲ್ಲಿ ಬೆಳಕು ಹೇಗೆ ಇಳಿಯುತ್ತದೆ ಅಂತ ಒಮ್ಮೆಯೂ ನಿಂತು ನೋಡಿದವಳಲ್ಲ.

ಅದು ಇಳಿಯುವುದಿಲ್ಲ. ಬಡಿದು ಬರುತ್ತದೆ. ಮೇಲಿನಿಂದ ಎದುರುಗೋಡೆಗೆ, ಅಲ್ಲಿಂದ ಕೆಳಗಿನ ತಗಡಿಗೆ, ಅಲ್ಲಿಂದ ನಮ್ಮ ಮೇಜಿಗೆ. ಲಿಲ್ಲಿಯ ಎಸಳಿಗೆ ಬೆಳಕು ಹೊಟ್ಟೆಯ ಕಡೆಯಿಂದ ತಾಗುತ್ತದೆ. ನೆರಳಿಗೆ ಅಂಚೇ ಇಲ್ಲ.

ಹನ್ನೊಂದು ಗಂಟೆ ಸುಮಾರಿಗೆ ಬಿಳಿ ಹೂವು ಹಳದಿಯಾಯಿತು. ಕಣ್ಣು ಉಜ್ಜಿಕೊಂಡೆ. ಎದುರುಮನೆಯ ಅಜ್ಜಿ ಬಾಲ್ಕನಿಯಲ್ಲಿ ಹಳದಿ ಬೆಡ್‌ಶೀಟು ಒಣಹಾಕಿದ್ದರು. ಅದರ ಮೇಲೆ ಬಿಸಿಲು ಬಿದ್ದಿತ್ತು.

ಏಪ್ರಿಲ್ 11

ಇವತ್ತು ಅಜ್ಜಿ ನೀಲಿ ಬಟ್ಟೆ ಒಗೆದಿದ್ದಾರೆ. ನನ್ನ ಲಿಲ್ಲಿಗೆ ಚಳಿಜ್ವರ ಬಂದ ಹಾಗಿದೆ. ನಿನ್ನೆಯೂ ಹಳದಿ ಬೆಡ್‌ಶೀಟು ಇತ್ತು, ಆಗ ಹಚ್ಚಿದ ಹಳದಿಯ ಪಕ್ಕ ಇದನ್ನು ಹೇಗೆ ಹಚ್ಚಲಿ? ನೆನಪಿನಿಂದ ಹಚ್ಚಬಹುದು. ನೆನಪಿನಿಂದ ಹಚ್ಚಿದ್ದರಿಂದಲೇ ನಲವತ್ತೈದು ಡಿಗ್ರಿ ಬಂದದ್ದು.

ಏಪ್ರಿಲ್ 12

ಮಾವನಿಗೆ ಹೇಳಿದೆ. ಎದುರುಮನೆ ಅಜ್ಜಿಯ ಹತ್ತಿರ ಹೋಗಿ, ದಯವಿಟ್ಟು ಹಳದಿ ಬೆಡ್‌ಶೀಟೇ ಒಣಹಾಕಿ ಅಂತ ಕೇಳು. ನಾನು ಹೋದರೆ ಹುಚ್ಚಿ ಅಂದುಕೊಳ್ಳುತ್ತಾರೆ.

“ನಾನು ಹೋದ್ರೆ?”

“ನೀನು ಯೂನಿಫಾರ್ಮ್ ಹಾಕ್ಕೊಂಡು ಹೋಗು ಮಾವ.”

ನಿಜಕ್ಕೂ ಹಾಕಿಕೊಂಡೇ ಹೋದ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಬಾಲ್ಕನಿಯಲ್ಲಿ ಇಬ್ಬರೂ ನಿಂತು ಏನೋ ಮಾತಾಡಿದರು, ಅಜ್ಜಿ ಸೊಂಟದ ಮೇಲೆ ಕೈಯಿಟ್ಟರು, ಮಾವ ನಮ್ಮ ಕಿಟಕಿಯ ಕಡೆ ಬೆರಳು ತೋರಿಸಿದ, ನಾನು ಕೂತುಬಿಟ್ಟೆ. ವಾಪಸು ಬಂದವನು ಹೇಳಿದ್ದು: ಒಗೆದ ಬೆಡ್‌ಶೀಟನ್ನು ದಿನಾ ಯಾಕೆ ಒಣಗಿಸಲಿ ಅಂತ ಅಜ್ಜಿ ಕೇಳಿದರಂತೆ. ಒದ್ದೆ ಇಲ್ಲದಿದ್ದರೂ ಪರವಾಗಿಲ್ಲ, ನೇತುಹಾಕಿದರೆ ಸಾಕು ಅಂದನಂತೆ. ಬಸ್ಸು ಓಡಿಸುವವರಿಗೆ ತಲೆ ಸರಿ ಇದೆಯಾ ಅಂತ ವರ್ಷಕ್ಕೊಮ್ಮೆ ಪರೀಕ್ಷೆ ಮಾಡುತ್ತಾರಾ ಅಂತ ಕೇಳಿದರಂತೆ.

ಹನ್ನೊಂದಕ್ಕೆ ಬೆಡ್‌ಶೀಟು ಬಂತು. ಎರಡು ಕ್ಲಿಪ್ಪು ಹಾಕಿ, ನನ್ನ ಕಡೆ ಕೈ ಬೀಸಿ ಒಳಗೆ ಹೋದರು.

ಏಪ್ರಿಲ್ 14

ಲಿಲ್ಲಿಯ ಒಂದು ಎಸಳು ಹಿಂದಕ್ಕೆ ಮಡಿಚಿಕೊಂಡಿತು. ಮೊದಲಾಗಿದ್ದರೆ ಅದನ್ನು ನೇರ ಮಾಡಿ ಬಿಡಿಸುತ್ತಿದ್ದೆ. ಬಣ್ಣ ಒರೆಸಿ ಮಡಿಚಿದ್ದನ್ನೇ ಬಿಡಿಸಿದೆ. ಸಂಜೆ ಹೊತ್ತಿಗೆ ಅದು ಇನ್ನೂ ಮಡಿಚಿಕೊಂಡಿತು. ಇದರ ಜತೆ ಓಡಿ ಗೆಲ್ಲಲಾಗುವುದಿಲ್ಲ, ಆದರೂ ಓಡುತ್ತಿದ್ದೇನೆ. ಮಾವ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತೇ ಉಂಡ. ಸೀನಲಿಲ್ಲ. ಅಥವಾ ನನಗೆ ಕೇಳಿಸಲಿಲ್ಲವೋ ಏನೋ.

ಏಪ್ರಿಲ್ 15

ಎಸಳಿನ ಹೊಟ್ಟೆಯ ಹಳದಿ ಇವತ್ತು ಸಿಕ್ಕಿತು. ಟ್ಯೂಬಿನಲ್ಲಿರುವ ಹಳದಿ ಅದಲ್ಲ. ಬಿಳಿಗೆ ಚೂರು ಹಳದಿ, ಅದಕ್ಕೆ ಗೋಡೆಯ ಬೂದು, ಆಮೇಲೆ ಹೇಳಲು ಬಾರದ ಇನ್ನೇನೋ ಒಂದು. ಬಣ್ಣದ ತಟ್ಟೆಯಲ್ಲಿ ಕೊಳಕಾಗಿ ಕಾಣುತ್ತದೆ, ಕ್ಯಾನ್ವಾಸಿಗೆ ಇಟ್ಟ ಕೂಡಲೇ ದೀಪ ಹಚ್ಚಿದ ಹಾಗೆ. ಬೆಡ್‌ಶೀಟಿನ ಮೇಲೆ ಬಿಸಿಲು ಇರುವುದು ಸ್ವಲ್ಪವೇ ಹೊತ್ತು. ಉಸಿರು ಬಿಗಿಹಿಡಿದು ಹಚ್ಚಿದೆ.

ಫೋನು ಒಳಗಿನ ಕೋಣೆಯಲ್ಲಿ ಬಡಿದುಕೊಳ್ಳುತ್ತಿತ್ತಂತೆ. ಕೆಲಸದಿಂದ ಬಂದ ಮಾವ ಮಿಸ್ಡ್ ಕಾಲ್ ನೋಡಿ ಹೇಳಿದ. ಆಫೀಸಿನಿಂದ.

ಏಪ್ರಿಲ್ 16

ಮಾವ ರೇಗಿದ. ನಾನು ಈ ಊರಿಗೆ ಬಂದ ಮೇಲೆ ಮೊದಲ ಸಲ. ಹದಿನೈದಕ್ಕೆ ಫೋನು ಬರುತ್ತದೆ ಅಂತ ಗೊತ್ತಿತ್ತಲ್ಲ, ಆಮೇಲಾದರೂ ತಿರುಗಿ ಯಾಕೆ ಮಾಡಲಿಲ್ಲ ಅಂದ. ಮರೆತೆ ಅಂದೆ. ನಂಬಲಿಲ್ಲ. ನಂಬಲು ನನಗೂ ಕಷ್ಟವೇ.

“ನಿನ್ನನ್ನ ವಾಪಸ್ ಕಳಿಸಿದ್ರೆ ಅಕ್ಕಂಗೆ ನಾನು ಏನಂತ ಮುಖ ತೋರಿಸ್ಲಿ? ಬೆಡ್‌ಶೀಟು ನೋಡ್ತಾ ಕೂತಿದ್ಲು ಅಂತ ಹೇಳ್ಲಾ?”

“ಹೇಳು. ನಿಜ ತಾನೇ.”

“ಈಗ್ಲೂ ಒಂದು ಫೋನ್ ಮಾಡು. ಅವರೇನು ನಿನ್ನ ತಿಂದುಹಾಕಲ್ಲ.”

“ಮಾಡಿದ್ರೆ ಹೂಂ ಅಂತಾರೆ ಮಾವ. ಅದೇ ಕಷ್ಟ. ನಾಳೆಯಿಂದ ಹನ್ನೊಂದು ಗಂಟೆಗೆ ನಾನು ಅಲ್ಲಿ ಯಾರದೋ ಫ್ಲಶ್ ಟ್ಯಾಂಕಿನ ಮುಂದೆ ಇರ್ತೀನಿ. ಈ ಬೆಳಕು ಇಲ್ಲಿಗೆ ಬಂದು, ನೋಡೋಕೆ ಯಾರೂ ಇಲ್ಲ ಅಂತ ವಾಪಸ್ ಹೋಗುತ್ತೆ. ಪೆಟ್ಟಿಗೆ ಕಟ್ಟು ಅಂದ್ರೆ ಕಟ್ತೀನಿ. ಇದನ್ನ ಮುಗಿಸಿ ಕಟ್ತೀನಿ.”

ಮಾವ ಚಿತ್ರದ ಮುಂದೆ ಹೋಗಿ ನಿಂತ. ಏನೋ ಹೇಳುತ್ತಾನೆ ಅಂದುಕೊಂಡೆ. ಎಸಳಿನ ತುದಿ ಬಾಡಿದೆಯಲ್ಲ, ನೀರು ಬದಲಾಯಿಸಿದ್ದೀಯಾ ಅಂತ ಕೇಳಿದ. ಬಾಡಿರುವುದು ಚಿತ್ರದಲ್ಲಿ ಅಂದೆ. ಗೊತ್ತು ಅಂದ. ಹೂದಾನಿ ಎತ್ತಿಕೊಂಡು ಹೋಗಿ ನೀರು ಬದಲಾಯಿಸಿದ.

ಏಪ್ರಿಲ್ 20

ಕೊಟ್ಟೆ.

ಕಲಾಮಂದಿರದ ಕೌಂಟರಿನಲ್ಲಿ ಕನ್ನಡಕದ ಒಬ್ಬ ಹೆಂಗಸು. ಬೆರಳಿನ ತುದಿಯಿಂದ ನನ್ನ ಲಿಲ್ಲಿಯ ನಡುವನ್ನು ಒತ್ತಿ ನೋಡಿದಳು. ಬೆರಳಿಗೆ ಕಂದುಬಣ್ಣ ಹತ್ತಿತು. ಒದ್ದೆ ಚಿತ್ರ ತೆಗೆದುಕೊಳ್ಳುವುದಿಲ್ಲ ಅಂದಳು.

ನಿಯಮ ಓದುವುದರಲ್ಲಿ ನನ್ನನ್ನು ಸೋಲಿಸಲು ಅವಳು ಇನ್ನೊಂದು ಜನ್ಮ ಎತ್ತಿ ಬರಬೇಕು. ಕಟ್ಟಡದ ನಿಯಮಗಳ ಸಂದಿಯಲ್ಲಿ ತೂರಿ ತೂರಿಯೇ ನಾನು ಅನ್ನ ತಿಂದದ್ದು. ನಿಮ್ಮ ಪ್ರಕಟಣೆಯಲ್ಲಿ ಒಣಗಿರಬೇಕು ಅಂತ ಎಲ್ಲೂ ಇಲ್ಲ, ಬೇರೆ ಚಿತ್ರಗಳಿಗೆ ತಾಗದಂತೆ ಕೊಡಬೇಕು ಅಂತ ಇದೆ, ತಾಗಿಸಿ ನೋಡೋಣ ಅಂದೆ. ಆಫೀಸಿನಲ್ಲಿ ಮಾದರಿ ಮನೆಗಳನ್ನು ಕತ್ತರಿಸುತ್ತಿದ್ದ ದಪ್ಪ ರಟ್ಟಿನಿಂದಲೇ ಒಂದು ಪೆಟ್ಟಿಗೆ ಮಾಡಿದ್ದೆ. ಚಿತ್ರ ನಾಲ್ಕು ಮೂಲೆಯಲ್ಲಿ ಮಾತ್ರ ನಿಂತು, ಮಿಕ್ಕಿದ್ದೆಲ್ಲ ಗಾಳಿಯಲ್ಲಿ ಇರುತ್ತದೆ. ಅವಳು ಪೆಟ್ಟಿಗೆಯನ್ನು ಅಲ್ಲಾಡಿಸಿದಳು, ತಲೆಕೆಳಗೆ ಮಾಡಿದಳು. ಏನೂ ಆಗಲಿಲ್ಲ. ಯಾರು ಮಾಡಿಕೊಟ್ಟರು ಅಂತ ಕೇಳಿದಳು. ನಾನೇ, ನಾನು ಆರ್ಕಿಟೆಕ್ಟು ಅಂದೆ. ಯಾಕೋ ಬಾಯಿಗೆ ಸಲೀಸಾಗಿ ಬಂತು.

ತಗೊಂಡಳು. ಅವಳ ಬೆರಳಚ್ಚು ಕಂದುಪುಡಿಯ ಮೇಲೆ ಹಾಗೇ ಉಳಿದಿದೆ. ಸರಿಮಾಡಿಕೊಡಿ ಅಂತ ಕುಂಚವನ್ನೂ ಕೊಟ್ಟಳು. ಇರಲಿ ಅಂದೆ. ಲಿಲ್ಲಿಯನ್ನು ಮುಟ್ಟಿದವರಿಗೆಲ್ಲ ಅದು ಹಾಗೇ ಹತ್ತುವುದು.

ಏಪ್ರಿಲ್ 29

ಗುಲಾಬಿ ಶುರುಮಾಡಿದೆ. ಹನ್ನೊಂದಕ್ಕೆ ಬೆಡ್‌ಶೀಟು ತಾನಾಗೇ ಬಂತು. ಈಗ ಬೇಕಿಲ್ಲ ಅಂತ ಹೇಳಲು ಮನಸ್ಸಾಗಲಿಲ್ಲ. ಗುಲಾಬಿಗೂ ಚೆನ್ನಾಗಿಯೇ ಕಾಣುತ್ತದೆ.

ಮೇ 8

ಆಯ್ಕೆಯಾಯಿತು.

ಮಾವ ಪತ್ರವನ್ನು ಎರಡು ಸಲ ಓದಿದ, ಆಮೇಲೆ ನನ್ನ ಕೈಗೂ ಕೊಡದೆ ಯೂನಿಫಾರ್ಮಿನ ಒಳಜೇಬಿಗೆ ಹಾಕಿಕೊಂಡ. ವಲಸೆ ಕಚೇರಿಯ ಸಾಲಿನಲ್ಲಿ ತಾನೇ ನಿಂತನಂತೆ. ಮುಂದಿನ ವರ್ಷದವರೆಗೆ ನಾನು ಇಲ್ಲೇ ಇರಬಹುದು. ಆಮೇಲೆ? ಆಮೇಲೆ ಮತ್ತೊಂದು ಹೂವು. ಅಮ್ಮನಿಗೆ ಫೋನು ಮಾಡಿ ಹೇಳಿದವನೂ ಅವನೇ. ತಾನೇ ಹಚ್ಚಿದ ಹಾಗೆ ಹೇಳುತ್ತಿದ್ದ, ಅಡಿಪಾಯ ತೆಳು ಇರಬೇಕು ಅಕ್ಕಾ, ದಪ್ಪ ಮೇಲೆ, ನಿನಗೆ ಅದೆಲ್ಲ ಗೊತ್ತಾಗಲ್ಲ.

ಮೇ 16

ಇವತ್ತು ಪ್ರದರ್ಶನ ಶುರು. ಕಾಲು ನೋಯುತ್ತಿದೆ, ಆದರೂ ಮಲಗುವ ಮೊದಲು ಹೇಳಿಬಿಡುತ್ತೇನೆ.

ದೊಡ್ಡ ಹಾಲಿನಲ್ಲಿ ನನ್ನ ಚಿತ್ರ ಇರಲಿಲ್ಲ. ಎರಡನೇ ಹಾಲಿನಲ್ಲೂ ಇಲ್ಲ. ಮಾವನ ಮುಖ ಸಣ್ಣಗಾಗುತ್ತಾ ಹೋಯಿತು. ಕೊನೆಗೆ ಸಿಕ್ಕಿದ್ದು ಓಣಿಯಂಥ ಒಂದು ಕಾರಿಡಾರಿನಲ್ಲಿ, ಟಾಯ್ಲೆಟ್ಟಿನ ಬಾಗಿಲಿನ ಎದುರಿಗೆ.

ನನಗೆ ನಗು ಬಂತು, ನಿಲ್ಲಿಸಲಾಗಲಿಲ್ಲ. ಮಾವ ದೂರು ಕೊಡಲು ಹೊರಟಿದ್ದ, ಹಿಡಿದು ನಿಲ್ಲಿಸಿದೆ. ಆ ಬಾಗಿಲು ತೆರೆಯುವುದೂ ತಪ್ಪು ಕಡೆಗೆ. ಒಳಗಿನಿಂದ ಬಂದವರು ಅದರ ಹಿಂದೆ ಸಿಕ್ಕಿಕೊಂಡು ಒಂದು ಗಳಿಗೆ ನಿಲ್ಲಲೇಬೇಕು. ನಿಂತರೆ ಮೂಗಿನ ಎದುರಿಗೆ ನನ್ನ ಲಿಲ್ಲಿ. ದೊಡ್ಡ ಹಾಲಿನಲ್ಲಿ ಜನ ಚಿತ್ರಗಳ ಮುಂದೆ ಹಾದುಹೋಗುತ್ತಿದ್ದರು. ಇಲ್ಲಿ ಎಲ್ಲರೂ ನಿಲ್ಲುತ್ತಿದ್ದರು, ಒದ್ದೆ ಕೈಯಲ್ಲಿ.

ಆಫೀಸಿನವರು ಕೆಲವರು ಬಂದಿದ್ದರಂತೆ. ಸ್ಕೇಲ್ ಸಾರ್ ಬಂದಿದ್ದರಾ ಅಂತ ಮಾವ ಕೇಳಿದ. ಗಮನಿಸಲಿಲ್ಲ. ಎದುರುಮನೆ ಅಜ್ಜಿಗೆ ಕುರ್ಚಿ ಹುಡುಕುತ್ತಿದ್ದೆ. ಅವರು ಇಸ್ತ್ರಿ ಮಾಡಿದ ಸೀರೆ ಉಟ್ಟು, ಮಾವನ ಬಸ್ಸಿನಲ್ಲೇ ಬಂದಿದ್ದರು. ಕುರ್ಚಿ ಬೇಡ ಅಂದರು. ಚಿತ್ರದ ಹತ್ತಿರ ಹೋದರು, ದೂರ ಬಂದರು, ಮತ್ತೆ ಹತ್ತಿರ ಹೋದರು. ಮುಖ ಗಂಟಿಕ್ಕಿತು.

“ನನ್ನ ಬೆಡ್‌ಶೀಟು ಎಲ್ಲಮ್ಮಾ? ದಿನಾ ನೇತುಹಾಕಿದೀನಿ.”

ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಮಾವ ಮುಂದೆ ಬಂದ. ಅಜ್ಜಿಯ ಮೊಣಕೈ ಹಿಡಿದು ಚಿತ್ರದ ಬಲಗಡೆಗೆ ನಿಲ್ಲಿಸಿದ, ನಮ್ಮ ಕಿಟಕಿ ಇರುವ ಕಡೆಗೆ. ಮಡಿಚಿದ ಬಿಳಿ ಎಸಳಿನ ಹೊಟ್ಟೆಯನ್ನು ತೋರಿಸಿದ, ಮುಟ್ಟದೆ.

“ಇಗೋ, ಇಲ್ಲಿ ಒಣಗ್ತಾ ಇದೆ.”

ಅಜ್ಜಿ ಬಗ್ಗಿ ನೋಡಿದರು. ಹೌದಲ್ಲ ಅಂದರು. ಹಿಂದೆ ಬಾಗಿಲು ತೆರೆಯಿತು, ಯಾರೋ ಬಂದು ಅದರ ಹಿಂದೆ ಸಿಕ್ಕಿಕೊಂಡರು. ಅಜ್ಜಿ ಸ್ವಲ್ಪ ಸರಿದು ಅವರಿಗೂ ಜಾಗ ಬಿಟ್ಟರು.